ಚೀಟಿ ಬರೆಯುವವರು, ದುಡ್ಡು ಕಟ್ಟುವವರು

ಸೀರೆ ಕೊಳ್ಳಲು ಹತ್ತು ಅಂಗಡಿ ಹತ್ತಿಳಿಯುವ ನಾವು ಮಾತ್ರೆ ಕೊಳ್ಳುವಾಗ ಚೀಟಿ ಚಾಚಿ ಸುಮ್ಮನೆ ನಿಲ್ಲುತ್ತೇವೆ. ಯಾವ ಕಂಪನಿಯದ್ದು, ಎಷ್ಟು ಬೆಲೆಯದ್ದು ಎಂಬುದು ನಾವು ಮೆಡಿಕಲ್ ಶಾಪಿನ ಮೆಟ್ಟಿಲು ಹತ್ತುವ ಮೊದಲೇ ತೀರ್ಮಾನವಾಗಿರುತ್ತದೆ. ಅದನ್ನು ತೀರ್ಮಾನಿಸುವವರು ಯಾರು? ಅದರ ಖರ್ಚು ಬೀಳುವುದು ಯಾರ ತಲೆಗೆ?

ಸಂಜೆ ಏಳು ಗಂಟೆ. ತಾಲ್ಲೂಕು ಕೇಂದ್ರವೊಂದರ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಒಂದು ಕ್ಲಿನಿಕ್ಕು. ಊರಿನ ಹೆಸರು ಯಾವುದನ್ನು ಹಾಕಿಕೊಂಡರೂ ನಡೆಯುತ್ತದೆ. ಹೊರಗಿನ ಬೆಂಚಿನಲ್ಲಿ ಕೂರಲು ಜಾಗವಿಲ್ಲ. ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡ ತಾಯಿ, ಮಂಡಿ ನೀವಿಕೊಳ್ಳುತ್ತಿರುವ ರೈತ, ಬಿಪಿ ತೋರಿಸಲು ಬಂದ ನಿವೃತ್ತ ಮೇಷ್ಟ್ರು.

ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿ ಮೂವರು ಯುವಕರು ನಿಂತಿದ್ದಾರೆ. ಇಸ್ತ್ರಿ ಮಾಡಿದ ಅಂಗಿ, ಪಾಲಿಶ್ ಹಾಕಿದ ಬೂಟು, ಹೆಗಲಲ್ಲಿ ದಪ್ಪನೆಯ ಕಪ್ಪು ಬ್ಯಾಗು. ಇವರಿಗೆ ಜ್ವರವಿಲ್ಲ, ಟೋಕನ್ನೂ ಬೇಕಿಲ್ಲ. ಒಬ್ಬ ರೋಗಿ ಹೊರಬಂದು ಇನ್ನೊಬ್ಬರು ಎದ್ದು ಹೋಗುವಷ್ಟರಲ್ಲಿ ಕಾಂಪೌಂಡರ್ ಕಣ್ಣಲ್ಲೇ ಸನ್ನೆ ಮಾಡುತ್ತಾನೆ. ಮೂವರಲ್ಲೊಬ್ಬ ಸರ್ರನೆ ಒಳಗೆ ನುಸುಳುತ್ತಾನೆ.

ಅವನಿಗೆ ಸಿಗುವುದು ಒಂದೋ ಎರಡೋ ನಿಮಿಷ. ಅಷ್ಟರಲ್ಲೇ ಬಣ್ಣಬಣ್ಣದ ಹಾಳೆ ತಿರುವಬೇಕು, ಬಿಪಿಗೊಂದು, ಶುಗರಿಗೊಂದು, ಗ್ಯಾಸ್ಟ್ರಿಕ್ಕಿಗೊಂದು ಹೆಸರು ನೆನಪಿಸಬೇಕು, ನಾಲ್ಕು ಸ್ಯಾಂಪಲ್ ಮೇಜಿನ ಮೇಲಿಟ್ಟು ಕೊನೆಯ ಮಾತು ಹೇಳಬೇಕು: ‘ಈ ತಿಂಗಳು ಸ್ವಲ್ಪ ಸಪೋರ್ಟ್ ಮಾಡಿ ಸರ್.’ ಡಾಕ್ಟರ ಮೇಜಿನ ಪೆನ್ ಸ್ಟ್ಯಾಂಡು, ಗೋಡೆಯ ಕ್ಯಾಲೆಂಡರು, ಚೀಟಿ ಪುಸ್ತಕದ ಪಕ್ಕದ ಪೇಪರ್‌ವೇಟು, ಎಲ್ಲದರ ಮೇಲೂ ಒಂದೊಂದು ಮಾತ್ರೆಯ ಹೆಸರು.

ಹೊರಬಂದವನು ಮನೆಗೆ ಹೋಗುವುದಿಲ್ಲ. ಎದುರಿನ ಮೆಡಿಕಲ್ ಶಾಪಿಗೆ ಹೋಗಿ ಕೌಂಟರಿಗೆ ಒರಗಿ ವಿಚಾರಿಸುತ್ತಾನೆ: ‘ಅಣ್ಣಾ, ಸಾರ್ ಚೀಟಿ ಬರ್ತಾ ಇದೆಯಾ?’ ಯಾವ ಡಾಕ್ಟರು ಯಾವ ಬ್ರಾಂಡ್ ಎಷ್ಟು ಬರೆದರು ಎಂಬ ಈ ಲೆಕ್ಕಕ್ಕೆ ಆ ಕಸುಬಿನವರು ಆರ್‌ಸಿಪಿಎ ಎನ್ನುತ್ತಾರೆ. ಅಂಗಡಿಯಲ್ಲಿ ಕೂತು ಚೀಟಿಗಳ ಲೆಕ್ಕ ತೆಗೆಯುವ ಕೆಲಸ ಅದು. ಒಳಗೆ ಕೊಟ್ಟ ಮಾತು ಹೊರಗೆ ನಡೆದಿದೆಯೇ ಎಂದು ಪರೀಕ್ಷಿಸುವುದು ಇಲ್ಲಿ.

ಅದೇ ಹೊತ್ತಿಗೆ ಅದೇ ಕೌಂಟರಿಗೆ ಒಬ್ಬ ಅಜ್ಜಿ ಬರುತ್ತಾಳೆ. ಚೀಟಿ ಕೊಡುತ್ತಾಳೆ, ಸೆರಗಿನ ಗಂಟು ಬಿಚ್ಚುತ್ತಾಳೆ.

‘ಒಂದು ತಿಂಗಳದ್ದು ಕೊಡಲಾ ಅಜ್ಜಿ?’

‘ಬ್ಯಾಡಪ್ಪ, ಅರ್ಧ ಶೀಟು ಕತ್ತರಿಸಿ ಕೊಡು. ಉಳಿದದ್ದು ಸಂತೆ ದಿನ ತಗೋತೀನಿ.’

‘ಇದೇ ಔಷಧ ಬೇರೆ ಕಂಪನಿದು ಕಮ್ಮಿಗೆ ಸಿಗುತ್ತೆ...’

‘ಡಾಕ್ಟ್ರು ಬರ್ದಿರೋದೇ ಕೊಡಪ್ಪ.’

ಬರೆಯುವವರು ದುಡ್ಡು ಕಟ್ಟುವುದಿಲ್ಲ, ಕಟ್ಟುವವಳಿಗೆ ಆಯ್ಕೆ ಇಲ್ಲ. ಬೇರೆ ಸರಕುಗಳ ವ್ಯಾಪಾರದಲ್ಲಿ ಇಂಥ ಏರ್ಪಾಡು ಅಪರೂಪ. ಕಂಪನಿಗಳ ಪ್ರಚಾರದ ದುಡ್ಡೆಲ್ಲ ಅಜ್ಜಿಯನ್ನು ಬಿಟ್ಟು ಡಾಕ್ಟರ ಮೇಜಿನ ಸುತ್ತ ಸುರಿಯುವುದು ಇದೇ ಕಾರಣಕ್ಕೆ.

ಅರ್ಧ ಪೈಸೆ ಏರಿದ ವರ್ಷ

ಪ್ರತಿ ವರ್ಷ ಏಪ್ರಿಲ್ ಒಂದು ಬಂತೆಂದರೆ ಔಷಧ ಬೆಲೆ ಸುದ್ದಿಯಾಗುತ್ತದೆ. ಅಗತ್ಯ ಔಷಧಗಳ ಗರಿಷ್ಠ ಬೆಲೆಯನ್ನು ಸಗಟು ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಏರಿಸಿಕೊಳ್ಳಲು ಕಂಪನಿಗಳಿಗೆ ಅನುಮತಿ ಸಿಗುವ ದಿನ ಅದು. 2022ರಲ್ಲಿ ಶೇ 10.77, 2023ರಲ್ಲಿ ಶೇ 12.12 ಏರಿಕೆಗೆ ಅವಕಾಶವಿತ್ತು. 2024ರಲ್ಲಿ ಸಿಕ್ಕಿದ್ದು ಶೇ 0.00551. ನೂರು ರೂಪಾಯಿಯ ಶೀಟಿಗೆ ಅರ್ಧ ಪೈಸೆ!

ಆದರೆ ಈ ಲೆಕ್ಕಾಚಾರ ಬೆಲೆ ನಿಯಂತ್ರಣದ ಪಟ್ಟಿಯೊಳಗಿನ ಔಷಧಗಳಿಗೆ ಮಾತ್ರ. ಪಟ್ಟಿಯ ಹೊರಗಿನವುಗಳ ಬೆಲೆಯನ್ನು ವರ್ಷಕ್ಕೆ ಶೇ 10ರಷ್ಟು ಏರಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ.

ಪಟ್ಟಿಯ ಚರಿತ್ರೆಯೂ ಸ್ವಾರಸ್ಯಕರ. 1979ರಲ್ಲಿ ಬೆಲೆ ನಿಯಂತ್ರಣದಡಿ 347 ಔಷಧಗಳಿದ್ದವು. 1987ರಲ್ಲಿ 142ಕ್ಕೆ ಇಳಿದವು. 1995ರಲ್ಲಿ ಉಳಿದದ್ದು 74. 2003ರ ಹೊತ್ತಿಗೆ ಜನಾರೋಗ್ಯ ಸಂಘಟನೆಗಳು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವು. ಕೊನೆಗೆ 2013ರಲ್ಲಿ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿ ಪೂರ್ತಿಯಾಗಿ ನಿಯಂತ್ರಣಕ್ಕೆ ಬಂತು.

ಬಂದದ್ದೇನೋ ಹೌದು, ಆದರೆ ಬೆಲೆ ಕಟ್ಟುವ ಸೂತ್ರವೇ ಬದಲಾಯಿತು. ಮೊದಲು ತಯಾರಿಕೆಯ ಖರ್ಚು ನೋಡಿ, ಅದರ ಮೇಲೆ ಇಷ್ಟು ಎಂದು ಲಾಭ ಸೇರಿಸಿ ಬೆಲೆ ನಿಗದಿ ಮಾಡುತ್ತಿದ್ದರು. ಈಗ ಮಾರುಕಟ್ಟೆಯಲ್ಲಿ ಶೇ 1ಕ್ಕಿಂತ ಕಡಿಮೆಯಿಲ್ಲದ ಪಾಲಿರುವ ಬ್ರಾಂಡುಗಳ ಬೆಲೆಯ ಸರಾಸರಿ ತೆಗೆದು, ಅಂಗಡಿಯವರಿಗೆ ಶೇ 16 ಸೇರಿಸುತ್ತಾರೆ. ಮಾತ್ರೆ ತಯಾರಿಸಲು ಎಷ್ಟಾಯಿತು ಎಂಬ ಪ್ರಶ್ನೆಯೇ ಲೆಕ್ಕದಲ್ಲಿಲ್ಲ.

ಶೇ 1ರ ಪಾಲು ಸುಮ್ಮನೆ ಬರುವುದೇ? ಚಪ್ಪಲಿ ಬಿಡುವ ಜಾಗದಲ್ಲಿ ನಿಂತ ಆ ಯುವಕರು ತಂದುಕೊಟ್ಟದ್ದು ಅದು. ಪ್ರಚಾರದ ಖರ್ಚು ಸೇರಿಸಿಯೇ ಕಟ್ಟಿದ ಬೆಲೆಗಳ ಸರಾಸರಿಯನ್ನು ಸರ್ಕಾರ ‘ನ್ಯಾಯವಾದ ಬೆಲೆ’ ಎಂದು ಮುದ್ರೆಯೊತ್ತುತ್ತಿದೆ. ನನ್ನ ಮಟ್ಟಿಗೆ ನಮ್ಮ ಔಷಧ ಬೆಲೆ ನೀತಿಯ ಅತಿ ದೊಡ್ಡ ತೂತು ಇದು.

ಫ್ರಿಜ್ಜು, ಟಿ.ವಿ., ಚಿನ್ನದ ನಾಣ್ಯ

ಪೆನ್ ಸ್ಟ್ಯಾಂಡಿನಿಂದ ಮೇಲಿನ ಅಂತಸ್ತು ಹೇಗಿರುತ್ತದೆ ಎಂದು ಊಹಿಸುವ ಶ್ರಮವನ್ನು ಸುಪ್ರೀಂ ಕೋರ್ಟ್ ತಪ್ಪಿಸಿದೆ. ವೈದ್ಯರಿಗೆ ಕೊಟ್ಟ ಉಡುಗೊರೆಯ ಖರ್ಚು ಸುಮಾರು 4.72 ಕೋಟಿ ರೂಪಾಯಿಗೆ ತೆರಿಗೆ ವಿನಾಯಿತಿ ಬೇಕೆಂದು ಒಂದು ಔಷಧ ಕಂಪನಿ ಅಲ್ಲಿಯವರೆಗೂ ಹೋಗಿತ್ತು. ಉಡುಗೊರೆ ಪಡೆಯುವುದು ವೈದ್ಯರಿಗೆ ನಿಷಿದ್ಧವಿರಬಹುದು, ಕೊಡುವುದು ನಮಗೆ ನಿಷಿದ್ಧವಲ್ಲವಲ್ಲ ಎಂಬುದು ಅದರ ವಾದ. ಆ ಧೈರ್ಯವನ್ನು ಮೆಚ್ಚಬೇಕು!

2022ರ ಫೆಬ್ರುವರಿ 22ರಂದು ನ್ಯಾಯಮೂರ್ತಿಗಳಾದ ಯು.ಯು. ಲಲಿತ್ ಮತ್ತು ಎಸ್. ರವೀಂದ್ರ ಭಟ್ ಅವರ ಪೀಠ ಆ ವಾದವನ್ನು ತಳ್ಳಿಹಾಕಿತು. ಚಿನ್ನದ ನಾಣ್ಯ, ಫ್ರಿಜ್ಜು, ಎಲ್‌ಸಿಡಿ ಟಿ.ವಿ., ವಿದೇಶ ಪ್ರವಾಸ ಎಲ್ಲವೂ ತೀರ್ಪಿನಲ್ಲಿ ಉಲ್ಲೇಖವಾಗಿವೆ. ಈ ಉಡುಗೊರೆಗಳು ಹೆಸರಿಗೆ ಪುಕ್ಕಟೆ, ಅವುಗಳ ಖರ್ಚು ಔಷಧದ ಬೆಲೆಯಲ್ಲೇ ಸೇರಿ ರೋಗಿಯ ಮೇಲೆ ಬೀಳುತ್ತದೆ ಎಂದು ಪೀಠ ಬಿಡಿಸಿ ಹೇಳಿತು.

ಅದೇ ವರ್ಷ ಜುಲೈಯಲ್ಲಿ ಬೆಂಗಳೂರಿನ ಔಷಧ ಸಮೂಹವೊಂದರ ಮೇಲೆ ಆದಾಯ ತೆರಿಗೆ ಇಲಾಖೆ ದಾಳಿ ನಡೆಸಿತು. ಪ್ರಚಾರದ ಹೆಸರಲ್ಲಿ ಸುಮಾರು 1,000 ಕೋಟಿ ರೂಪಾಯಿಯ ಕೊಡುಗೆಗಳು ಹಂಚಿಕೆಯಾಗಿವೆ ಎಂದು ಇಲಾಖೆ ಅಂದಾಜು ಹೇಳಿತು. ಕಂಪನಿ ಅದನ್ನು ಅಲ್ಲಗಳೆಯಿತು: ಕೋವಿಡ್ ವರ್ಷದಲ್ಲಿ ತನ್ನ ಜ್ವರದ ಮಾತ್ರೆಯ ಒಟ್ಟು ಮಾರಾಟವೇ ಅಷ್ಟಿಲ್ಲದಿರುವಾಗ ಪ್ರಚಾರಕ್ಕೆ ಅಷ್ಟು ಸುರಿಯಲು ಹೇಗೆ ಸಾಧ್ಯ ಎಂದು ಕೇಳಿತು. ಆಗಸ್ಟ್‌ನಲ್ಲಿ ವಿಷಯ ಸುಪ್ರೀಂ ಕೋರ್ಟಿನಲ್ಲಿ ಪ್ರಸ್ತಾಪವಾದಾಗ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್, ಕೋವಿಡ್ ಬಂದಾಗ ತನಗೂ ಅದೇ ಮಾತ್ರೆ ಬರೆದುಕೊಟ್ಟಿದ್ದರು ಎಂದರು.

ಆ ಪ್ರಕರಣವನ್ನು ಕೋರ್ಟಿಗೆ ಒಯ್ದವರು ಯಾರೆಂದು ನೋಡಬೇಕು. ಅವರು ರೋಗಿಗಳ ಸಂಘದವರಲ್ಲ, ವೈದ್ಯರ ಸಂಘದವರೂ ಅಲ್ಲ. ಬ್ಯಾಗು ಹೊತ್ತು ತಿರುಗುವ ವೈದ್ಯಕೀಯ ಪ್ರತಿನಿಧಿಗಳದ್ದೇ, ಎಂದರೆ ಎಂಆರ್‌ಗಳದ್ದೇ, ಅಖಿಲ ಭಾರತ ಒಕ್ಕೂಟ. ಟಾರ್ಗೆಟ್ ಮುಟ್ಟದಿದ್ದರೆ ಕೆಲಸಕ್ಕೇ ಸಂಚಕಾರ ಎಂಬ ಭಯದಲ್ಲಿ ದಿನಕ್ಕೆ ಹತ್ತಾರು ಬಾಗಿಲು ಕಾಯುವವರಿಗೆ ಒಳಗಿನ ವ್ಯವಹಾರ ಗೊತ್ತಿಲ್ಲದೆ ಇರುತ್ತದೆಯೇ? ಔಷಧ ಪ್ರಚಾರಕ್ಕೆ ಶಿಕ್ಷೆಯ ಬಲವಿರುವ ಕಾನೂನು ಬೇಕು ಎಂಬುದು ಅವರ ಬೇಡಿಕೆ.

ಬಂದದ್ದು ಸಂಹಿತೆ. 2015ರಿಂದ ಜಾರಿಯಲ್ಲಿದ್ದದ್ದು ‘ಬೇಕಿದ್ದರೆ ಪಾಲಿಸಿ’ ಎಂಬ ತರಹದ್ದು. 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರ ಅದನ್ನು ಇನ್ನಷ್ಟು ಬಿಗಿ ಮಾಡಿ ಹೊಸದಾಗಿ ಹೊರಡಿಸಿತು. ಆದರೆ ದೂರನ್ನು ಮೊದಲು ವಿಚಾರಿಸುವುದು ಔಷಧ ಕಂಪನಿಗಳ ಸಂಘದೊಳಗಿನ ಸಮಿತಿ. ಕಳ್ಳನ ಕೈಗೆ ಕೀಲಿ ಎನ್ನುವಷ್ಟು ಕಟುವಾಗಿ ಹೇಳಬೇಕಿಲ್ಲ, ಆದರೆ ಅದರ ಪಕ್ಕದ ಮಾತೇ.

ಒಂದು ಉದಾಹರಣೆ ಸಾಕು. ಹೊಸ ಸಂಹಿತೆ ಬಂದ ವರ್ಷವೇ ಬಹುರಾಷ್ಟ್ರೀಯ ಕಂಪನಿಯೊಂದರ ಭಾರತದ ಘಟಕ 30 ವೈದ್ಯರನ್ನು ಪ್ಯಾರಿಸ್ ಮತ್ತು ಮೊನಾಕೊಗೆ ಸಮ್ಮೇಳನದ ಹೆಸರಲ್ಲಿ ಕರೆದೊಯ್ದಿತ್ತು. ಖರ್ಚು 1.91 ಕೋಟಿ ರೂಪಾಯಿ. ವಿಷಯ ಔಷಧ ಇಲಾಖೆಯ ಮೇಲಿನ ಸಮಿತಿಯವರೆಗೆ ಹೋಗಿ ಡಿಸೆಂಬರ್‌ನಲ್ಲಿ ತಪ್ಪು ಸಾಬೀತಾಯಿತು. ಕಂಪನಿಗೆ ಸಿಕ್ಕ ಶಿಕ್ಷೆ ಛೀಮಾರಿ. ತೆರಿಗೆಯ ವಿಚಾರ ತೆರಿಗೆಯವರಿಗೆ, ವೈದ್ಯರ ವಿಚಾರ ವೈದ್ಯಕೀಯ ಆಯೋಗಕ್ಕೆ ರವಾನೆಯಾಯಿತು.

> ಬಾಕ್ಸ್: ಸಂಹಿತೆ ಏನನ್ನುತ್ತದೆ?
>
> • ವೈದ್ಯರಿಗೆ, ಅವರ ಮನೆಯವರಿಗೆ ಉಡುಗೊರೆ, ನಗದು, ಪ್ರವಾಸ, ಹೋಟೆಲ್ ವಾಸ ಕೊಡುವಂತಿಲ್ಲ. ಭಾಷಣಕಾರರಾಗಿ ಹೋಗುವವರಿಗೆ ಮಾತ್ರ ವಿನಾಯಿತಿ.
>
> • ಕ್ಯಾಲೆಂಡರ್, ಡೈರಿ, ಪುಸ್ತಕದಂಥವು ತಲಾ 1,000 ರೂಪಾಯಿ ಮೀರಬಾರದು.
>
> • ಒಂದು ಔಷಧದ ಸ್ಯಾಂಪಲ್ ಒಬ್ಬ ವೈದ್ಯರಿಗೆ ವರ್ಷಕ್ಕೆ 12 ಪ್ಯಾಕ್ ಮಾತ್ರ. ಸ್ಯಾಂಪಲ್‌ಗಳ ಒಟ್ಟು ಮೌಲ್ಯ ಕಂಪನಿಯ ದೇಶೀಯ ಮಾರಾಟದ ಶೇ 2 ದಾಟುವಂತಿಲ್ಲ.
>
> • ‘ಸುರಕ್ಷಿತ’ ಎಂಬ ಮಾತನ್ನು ವಿವರಣೆಯಿಲ್ಲದೆ ಬಳಸುವಂತಿಲ್ಲ.
>
> • ತಪ್ಪಿದರೆ ಸಂಘದಿಂದ ಅಮಾನತು ಅಥವಾ ಉಚ್ಚಾಟನೆ, ಛೀಮಾರಿ. ದೂರು ಕೊಡುವವರು 1,000 ರೂಪಾಯಿ ಶುಲ್ಕ ಕಟ್ಟಬೇಕು.

ಬ್ರಾಂಡ್ ಬೇಡವೆಂದರೆ ಸಾಕೇ?

ಹಾಗಾದರೆ ಡಾಕ್ಟರು ಬ್ರಾಂಡ್ ಹೆಸರು ಬಿಟ್ಟು ಔಷಧದ ಮೂಲ ಹೆಸರನ್ನೇ ಬರೆಯಲಿ ಎನ್ನುವುದು ಎಲ್ಲರ ಬಾಯಲ್ಲೂ ಬರುವ ಪರಿಹಾರ. ಇದು ಇವತ್ತಿನ ಮಾತಲ್ಲ. ಜಯಸುಖಲಾಲ್ ಹಾಥಿ ಅಧ್ಯಕ್ಷತೆಯ ಸಮಿತಿ 1975ರಲ್ಲೇ 13 ಔಷಧಗಳಿಂದ ಶುರುಮಾಡಿ ಬ್ರಾಂಡ್ ಹೆಸರುಗಳನ್ನು ಹಂತಹಂತವಾಗಿ ತೆಗೆದುಹಾಕಿ ಎಂದಿತ್ತು. ಅರ್ಧ ಶತಮಾನ ಕಳೆದರೂ ಮೆಡಿಕಲ್ ಶಾಪುಗಳ ಕಪಾಟುಗಳನ್ನು ಬ್ರಾಂಡುಗಳೇ ಆಳುತ್ತಿವೆ.

ತೀರಾ ಈಚೆಗೆ ನಡೆದದ್ದೂ ಇದೇ ಕಥೆ. ಮೂಲ ಹೆಸರಲ್ಲೇ ಬರೆಯಬೇಕು, ಕಂಪನಿ ಪ್ರಾಯೋಜಿತ ಸಮ್ಮೇಳನಗಳಿಗೆ ಹೋಗಬಾರದು ಎಂಬ ನಿಯಮಗಳನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್ 2ರಂದು ಪ್ರಕಟಿಸಿತು. ವೈದ್ಯರ ಸಂಘ ಸಿಡಿದೆದ್ದಿತು. ಆಗಸ್ಟ್ 23ಕ್ಕೆ ನಿಯಮಗಳು ತಡೆಹಿಡಿಯಲ್ಪಟ್ಟವು. ಮೂರೇ ವಾರದ ಆಯುಷ್ಯ.

ವೈದ್ಯರ ವಾದವನ್ನು ತಮಾಷೆ ಮಾಡಿ ಬಿಡುವಂತಿಲ್ಲ. ನಾನು ಮೂಲ ಹೆಸರು ಬರೆದರೆ ಯಾವ ಕಂಪನಿಯದ್ದು ಕೊಡಬೇಕೆಂದು ಕೌಂಟರಿನ ಹುಡುಗ ತೀರ್ಮಾನಿಸುತ್ತಾನಲ್ಲ, ಅವನಿಗೇನು ಗೊತ್ತು ಎಂದು ಅವರು ಕೇಳುತ್ತಾರೆ. ಪ್ರಶ್ನೆ ಸರಿಯಾದ ಜಾಗಕ್ಕೇ ತಾಗುತ್ತದೆ. ಎಂಆರ್ ಇಲ್ಲದ, ಡಾಕ್ಟರ ಬಾಗಿಲು ಕಾಯದ ಇನ್ನೊಂದು ಬಗೆಯ ಕಂಪನಿಗಳಿವೆ. ಅವು ನೇರವಾಗಿ ಅಂಗಡಿಗೆ ಮಾಲು ಹಾಕುತ್ತವೆ. ಶೀಟಿನ ಮೇಲೆ ದೊಡ್ಡ ಎಂಆರ್‌ಪಿ ಅಚ್ಚಾಗಿರುತ್ತದೆ, ಅಂಗಡಿಗೆ ಅದರ ಸಣ್ಣ ಪಾಲಿಗೇ ಸಿಕ್ಕಿರುತ್ತದೆ. ಡಾಕ್ಟರಿಗೆ ಹೋಗುತ್ತಿದ್ದ ಪ್ರಚಾರದ ದುಡ್ಡು ಇಲ್ಲಿ ಅಂಗಡಿಯ ಗಲ್ಲಾಕ್ಕೆ ಹೋಗುತ್ತದೆ. ಅಜ್ಜಿಯ ಸೆರಗಿನ ಗಂಟು ಮಾತ್ರ ಮೊದಲಿನಷ್ಟೇ ಬಿಚ್ಚುತ್ತದೆ.

ದೊಡ್ಡ ಆಸ್ಪತ್ರೆಗಳ ಒಳಗಿನ ಫಾರ್ಮಸಿಯ ಕಥೆ ಇದರ ಅಪ್ಪ. ದೆಹಲಿ ಸುತ್ತಮುತ್ತಲ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲುಗಳನ್ನು ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ತಡಕಿದಾಗ, ಔಷಧ, ಸಿರಿಂಜು ಮೊದಲಾದವುಗಳ ಮೇಲೆ ಶೇ 1,737ರವರೆಗೂ ಲಾಭ ಕಂಡಿತ್ತು. 2018ರ ಫೆಬ್ರುವರಿಯ ವರದಿ ಅದು. ಎಂಆರ್‌ಪಿ ದಾಟಿ ಒಂದು ರೂಪಾಯಿ ಹಾಕಬೇಕಾದ ಅಗತ್ಯವೇ ಅವರಿಗಿರಲಿಲ್ಲ, ಏಕೆಂದರೆ ಎಂಆರ್‌ಪಿಯನ್ನೇ ಎತ್ತರಕ್ಕೆ ಅಚ್ಚು ಹಾಕಿಸಲಾಗಿತ್ತು.

ಇನ್ನು ಕೇಂದ್ರ ಸರ್ಕಾರದ ಅಗ್ಗದ ಔಷಧ ಮಳಿಗೆ, ಜನೌಷಧಿ. 2008ರ ನವೆಂಬರ್‌ನಲ್ಲಿ ಅಮೃತಸರದಲ್ಲಿ ಮೊದಲ ಮಳಿಗೆ ತೆರೆದಾಗ ಯಾರೂ ಅಷ್ಟಾಗಿ ಗಮನಿಸಿರಲಿಲ್ಲ. 2025ರ ಆರಂಭದಲ್ಲಿ ಸಂಖ್ಯೆ 15,000 ಮುಟ್ಟಿತು. ಕರ್ನಾಟಕದಲ್ಲೇ ಸಾವಿರಕ್ಕೂ ಹೆಚ್ಚಿವೆ. ಬಿಪಿ, ಶುಗರಿನಂಥ ನಿತ್ಯದ ಮಾತ್ರೆ ನುಂಗುವವರ ತಿಂಗಳ ಬಿಲ್ಲನ್ನು ಅವು ಇಳಿಸಿರುವುದು ನಿಜ. ಆದರೆ ಕಾನೂನಿನ ಒಂದು ಗಂಟು ಹಾಗೇ ಉಳಿದಿದೆ. ಚೀಟಿಯಲ್ಲಿ ಬ್ರಾಂಡ್ ಹೆಸರಿದ್ದರೆ, ಷೆಡ್ಯೂಲ್ ‘ಎಚ್’ ಔಷಧಗಳ ಮಟ್ಟಿಗೆ, ಅದರ ಬದಲು ಇನ್ನೊಂದನ್ನು ಕೊಡಲು ಅಂಗಡಿಯವರಿಗೆ ಅಧಿಕಾರವೇ ಇಲ್ಲ. ಮಳಿಗೆಗಳನ್ನು ತೆರೆಯುತ್ತಾ ಹೋಗುವ ಸರ್ಕಾರ ಈ ನಿಯಮವನ್ನು ಮುಟ್ಟಿಲ್ಲ.

ನಮ್ಮ ರಾಜ್ಯದಲ್ಲಿ ಜನೌಷಧಿಗೆ ರಾಜಕೀಯದ ಬಣ್ಣವೂ ಹತ್ತಿತು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಪುಕ್ಕಟೆ ಕೊಡುವಾಗ ಆವರಣದಲ್ಲಿ ದುಡ್ಡಿನ ಮಳಿಗೆ ಏಕೆ ಎಂದು ಕೇಳಿ, 2025ರ ಮೇನಲ್ಲಿ ಅಲ್ಲಿನ ಜನೌಷಧಿ ಕೇಂದ್ರಗಳನ್ನು ಮುಚ್ಚಲು ರಾಜ್ಯ ಸರ್ಕಾರ ಆದೇಶಿಸಿತು. ಜುಲೈಯಲ್ಲಿ ಹೈಕೋರ್ಟಿನ ಧಾರವಾಡ ಪೀಠದಿಂದ ತಡೆ ಬಂತು. ಎರಡು ಪಕ್ಷಗಳ ಜಗಳ ಬದಿಗಿಟ್ಟು ನೋಡಿದರೆ ಸರ್ಕಾರ ಎತ್ತಿದ ಪ್ರಶ್ನೆ ತೂಕದ್ದೇ. ಒಳಗಿನ ಕಿಟಕಿಯಲ್ಲಿ ಔಷಧ ನಿಜಕ್ಕೂ ಸಿಗುತ್ತಿದೆಯೇ ಎಂಬ ರೋಗಿಯ ಪ್ರಶ್ನೆಯೂ ಅಷ್ಟೇ ತೂಕದ್ದು.

> ಬಾಕ್ಸ್: ಶೀಟು ತಿರುಗಿಸಿ ನೋಡಿ
>
> ಬ್ರಾಂಡ್ ಹೆಸರಿನ ಜೊತೆಗೇ ಔಷಧದ ಮೂಲ ಹೆಸರು ಅಚ್ಚಾಗಿರುತ್ತದೆ. ಅದನ್ನು ಬರೆದಿಟ್ಟುಕೊಂಡು, ಮುಂದಿನ ಸಲ ಡಾಕ್ಟರ ಬಳಿ ‘ಇದೇ ಔಷಧ ಕಡಿಮೆ ಬೆಲೆಯದ್ದು ಬರೆದುಕೊಡಿ’ ಎಂದು ಕೇಳಬಹುದು. ‘ಫಾರ್ಮಾ ಸಹಿ ದಾಮ್’ ಆ್ಯಪ್‌ನಲ್ಲಿ ಒಂದೇ ಔಷಧದ ಬೇರೆಬೇರೆ ಬ್ರಾಂಡುಗಳ ಬೆಲೆ ಹೋಲಿಸಬಹುದು. ‘ಜನೌಷಧಿ ಸುಗಮ್’ ಆ್ಯಪ್ ಹತ್ತಿರದ ಮಳಿಗೆ ತೋರಿಸುತ್ತದೆ. ಹೆಚ್ಚು ಮಾರಾಟವಾಗುವ 300 ಬ್ರಾಂಡುಗಳ ಮೇಲೆ 2023ರ ಆಗಸ್ಟ್‌ನಿಂದ ಕ್ಯುಆರ್ ಕೋಡ್ ಕಡ್ಡಾಯ. ಡಾಕ್ಟರನ್ನು ಕೇಳದೆ ಮಾತ್ರೆ ಬದಲಿಸಬೇಡಿ, ಅದರಲ್ಲೂ ಮೂರ್ಛೆ ರೋಗದ ಮತ್ತು ರಕ್ತ ತೆಳುವಾಗಿಸುವ ಮಾತ್ರೆಗಳನ್ನು.

ದಿನಕ್ಕೆ ಒಂದು ಡಾಲರ್

ಇದನ್ನೆಲ್ಲ ಓದಿ ಭಾರತವೆಂದರೆ ದುಬಾರಿ ಔಷಧದ ದೇಶ ಎಂದುಕೊಂಡರೆ ತಪ್ಪಾದೀತು. ಒಂದು ಕಾಲದಲ್ಲಿ ಹಾಗಿತ್ತು. 1960ರ ಆಸುಪಾಸಿನಲ್ಲಿ ಅಮೆರಿಕದ ಸೆನೆಟರ್ ಕೆಫಾವರ್ ಅವರ ಸಮಿತಿ ಭಾರತವನ್ನು ಜಗತ್ತಿನಲ್ಲೇ ಅತಿ ಹೆಚ್ಚು ಔಷಧ ಬೆಲೆಯಿರುವ ದೇಶಗಳ ಸಾಲಿಗೆ ಸೇರಿಸಿತ್ತು. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ ಅವರ 1959ರ ವರದಿ ಆಧರಿಸಿ ಬಂದ 1970ರ ಪೇಟೆಂಟ್ ಕಾಯ್ದೆ ಆ ಚಿತ್ರವನ್ನು ಬದಲಾಯಿಸಿತು. ಔಷಧಕ್ಕೆ ಪೇಟೆಂಟ್ ಇಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ. ಬೇರೆ ವಿಧಾನ ಕಂಡುಕೊಂಡವರು ಅದೇ ಔಷಧ ಮಾಡಬಹುದು.

ಅದರ ಫಲ 2001ರಲ್ಲಿ ಜಗತ್ತಿಗೇ ಕಂಡಿತು. ಏಡ್ಸ್‌ಗೆ ಮೂರು ಔಷಧಗಳ ಚಿಕಿತ್ಸೆ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಹೆಚ್ಚಿದ್ದಾಗ, ಸಿಪ್ಲಾದ ಯೂಸುಫ್ ಹಮೀದ್ ಅದನ್ನು 350 ಡಾಲರಿಗೆ, ಎಂದರೆ ದಿನಕ್ಕೆ ಒಂದು ಡಾಲರಿಗೂ ಕಡಿಮೆಗೆ ಕೊಡುತ್ತೇನೆಂದರು. ಆಫ್ರಿಕಾದ ಲಕ್ಷಾಂತರ ಜನರ ಬದುಕು ಉಳಿದದ್ದು ಹೀಗೆ ಶುರುವಾದ ಅಗ್ಗದ ಔಷಧಗಳಿಂದ.

2005ರಲ್ಲಿ ವಿಶ್ವ ವ್ಯಾಪಾರ ಒಪ್ಪಂದದಂತೆ ಔಷಧಕ್ಕೇ ಪೇಟೆಂಟ್ ಕೊಡುವ ವ್ಯವಸ್ಥೆ ಮರಳಿತು. ಆದರೆ ಹಳೆಯ ಔಷಧವನ್ನೇ ಸ್ವಲ್ಪ ತಿರುಚಿ ಹೊಸ ಪೇಟೆಂಟ್ ಕೇಳುವುದನ್ನು ತಡೆಯಲು ಸಂಸತ್ತು 3(ಡಿ) ಎಂಬ ಕಲಮನ್ನು ಸೇರಿಸಿತ್ತು. ರಕ್ತದ ಕ್ಯಾನ್ಸರ್ ಔಷಧ ಗ್ಲಿವೆಕ್‌ಗೆ ಪೇಟೆಂಟ್ ಕೇಳಿದ್ದ ನೊವಾರ್ಟಿಸ್ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟಿನಲ್ಲಿ ಸೋತದ್ದು ಇದೇ ಕಲಮಿನಿಂದ. ಅದಕ್ಕೂ ವರ್ಷ ಮೊದಲು ಪೇಟೆಂಟ್ ನಿಯಂತ್ರಕ ಪಿ.ಎಚ್. ಕುರಿಯನ್, ಬೇಯರ್ ಕಂಪನಿಯ ಪೇಟೆಂಟ್ ಇದ್ದ ಕ್ಯಾನ್ಸರ್ ಔಷಧವನ್ನು ತಯಾರಿಸಲು ಹೈದರಾಬಾದಿನ ನ್ಯಾಟ್ಕೊಗೆ ಕಡ್ಡಾಯ ಪರವಾನಗಿ ಕೊಟ್ಟಿದ್ದರು. ತಿಂಗಳಿಗೆ 2.8 ಲಕ್ಷ ರೂಪಾಯಿ ಇದ್ದದ್ದು 8,880ಕ್ಕೆ ಇಳಿಯಿತು. ಅಂಥ ಪರವಾನಗಿ ದೇಶದಲ್ಲಿ ಅದೇ ಮೊದಲನೆಯದು, ಎರಡನೆಯದರ ಧೈರ್ಯವನ್ನು ಯಾವ ಸರ್ಕಾರವೂ ಮಾಡಿಲ್ಲ.

ಅಗ್ಗವಾಗಿ ತಯಾರಿಸಲು ನಮಗೆ ಬರುತ್ತದೆ. ಅಗ್ಗವಾಗಿ ತಯಾರಾದದ್ದು ಅಜ್ಜಿಯ ಕೈ ಸೇರುವಷ್ಟರಲ್ಲಿ ದುಬಾರಿಯಾಗುವುದನ್ನು ತಡೆಯಲು ಬರುವುದಿಲ್ಲ.

ಎಂಆರ್‌ಗೆ ಕೆಲಸವಿಲ್ಲದ ಜಾಗ

ಅದನ್ನೂ ಮಾಡಿ ತೋರಿಸಿದವರು ಪಕ್ಕದಲ್ಲೇ ಇದ್ದಾರೆ. ತಮಿಳುನಾಡು 1994ರಲ್ಲಿ ಔಷಧ ಖರೀದಿಗೇ ಒಂದು ನಿಗಮ ಕಟ್ಟಿತು. ಇಡೀ ರಾಜ್ಯಕ್ಕೆ ಒಟ್ಟಿಗೆ ಟೆಂಡರ್, ಮೂಲ ಹೆಸರಲ್ಲೇ ಖರೀದಿ, ಜಿಲ್ಲೆಗಳಲ್ಲಿ ಗೋದಾಮು. ಆಸ್ಪತ್ರೆಗಳಿಗೆ ಒಂದೊಂದು ಪಾಸ್‌ಬುಕ್, ತಮಗೆ ಬೇಕಾದ್ದನ್ನು ಅದರ ಮೇಲೆ ಎತ್ತಿಕೊಳ್ಳಬಹುದು. ಬಂದ ಬ್ಯಾಚನ್ನು ನೇರವಾಗಿ ಹಂಚುವುದಿಲ್ಲ; ಕಂಪನಿಯ ಹೆಸರು ಮರೆಮಾಚಿ ಪ್ರಯೋಗಾಲಯಕ್ಕೆ ಕಳಿಸಿ, ಪಾಸಾದ ಮೇಲಷ್ಟೇ ಗೋದಾಮಿನ ಬಾಗಿಲು ದಾಟುತ್ತದೆ. ರಾಜಸ್ಥಾನ 2011ರ ಗಾಂಧಿ ಜಯಂತಿಯಂದು ಇದೇ ದಾರಿ ಹಿಡಿಯಿತು.

ಇಲ್ಲಿ ಬ್ರಾಂಡಿಲ್ಲ, ಆದ್ದರಿಂದ ಪ್ರಚಾರಕ್ಕೆ ಕಾರಣವೇ ಇಲ್ಲ. ಬಣ್ಣದ ಹಾಳೆ ತಿರುವಿ ಒಪ್ಪಿಸಬೇಕಾದ ಡಾಕ್ಟರೂ ಇಲ್ಲ. ಬೆಲೆ ಇಳಿಯುವುದು ಸಂಹಿತೆಗೆ ಹೆದರಿ ಅಲ್ಲ, ಖರ್ಚೇ ಹುಟ್ಟದ್ದರಿಂದ.

ಆದರೆ ಈ ಏರ್ಪಾಡು ನಿಂತಿರುವುದು ಪರೀಕ್ಷೆಯೆಂಬ ಒಂದೇ ಕಂಬದ ಮೇಲೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಸಂಶಯ ಅವರಿಗೆ ಏರಿಸಿದ್ದ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಬಿತ್ತು. ಅದೇ ಪೂರೈಕೆದಾರರ ಬ್ಯಾಚುಗಳು ರಾಜ್ಯದ ಪರೀಕ್ಷೆಯಲ್ಲಿ ಮೊದಲೇ ಕಳಪೆ ಎಂದು ಕಂಡು ಬಳಕೆ ನಿಂತಿತ್ತು. ಕೇಂದ್ರದ ಪ್ರಯೋಗಾಲಯ ಕೆಲವು ಬ್ಯಾಚುಗಳನ್ನು ಸರಿ ಎಂದ ಮೇಲೆ ಮತ್ತೆ ಆಸ್ಪತ್ರೆ ಸೇರಿತ್ತು. ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು, ಕಂಪನಿಯ ಮೇಲೆ ಕ್ರಮ ಶುರುವಾಯಿತು.

ಇಂಥದ್ದೊಂದು ನಡೆದರೆ ‘ಸರ್ಕಾರಿ ಔಷಧ ಬೇಡ, ಹೊರಗೆ ಬರೆದುಕೊಡಿ’ ಎಂದು ರೋಗಿಯ ಕಡೆಯವರೇ ಕೈಮುಗಿಯುತ್ತಾರೆ. ಯಾವ ಎಂಆರ್ ಎಷ್ಟು ವರ್ಷ ಬಾಗಿಲು ಕಾದರೂ ಮಾಡಲಾಗದ ಪ್ರಚಾರವನ್ನು ಒಂದು ಕೆಟ್ಟ ಬ್ಯಾಚು ಬ್ರಾಂಡುಗಳಿಗೆ ಮಾಡಿಕೊಡುತ್ತದೆ. ಕರ್ನಾಟಕದ ಔಷಧ ಖರೀದಿ ನಿಗಮದ ಮುಂದೆ ಈಗಿರುವ ಕೆಲಸ ಹೊಸ ಯೋಜನೆಯ ಹೆಸರು ಹುಡುಕುವುದಲ್ಲ. ಪ್ರತಿ ಬ್ಯಾಚಿನ ಪರೀಕ್ಷಾ ವರದಿಯನ್ನು ಆಸ್ಪತ್ರೆಯ ಔಷಧ ಕಿಟಕಿಯ ಪಕ್ಕದ ನೋಟಿಸ್ ಬೋರ್ಡಿಗೆ ಅಂಟಿಸಲು ಅದಕ್ಕೆ ಯಾವ ಕೋರ್ಟಿನ ಆದೇಶವೂ ಬೇಕಿಲ್ಲ.